ವಾಚಿನ ಕತೆಯಲ್ಲಿ ‘ಅಂತೆ’ ಎಲ್ಲಿ ಹೋಯ್ತು?

ಕನ್ನಡದಲ್ಲಿ ‘ಅಂತೆ’ ಅಂತ ಒಂದು ಪುಟ್ಟ ಪದ ಇದೆ. ‘ಪಕ್ಕದ ಮನೆಯವರು ಕಾರು ತಗೊಂಡ್ರು’ ಅಂದ್ರೆ ನಾನು ಕಾರನ್ನ ಕಣ್ಣಾರೆ ಕಂಡಿದ್ದೀನಿ. ‘ತಗೊಂಡ್ರಂತೆ’ ಅಂದ್ರೆ ಯಾರೋ ಹೇಳಿದರು, ನಾನು ನಿಮಗೆ ದಾಟಿಸ್ತಿದ್ದೀನಿ, ನಾಳೆ ಸುಳ್ಳಾದರೆ ನನ್ನ ಹಿಡ್ಕೋಬೇಡಿ. ಎರಡೇ ಅಕ್ಷರದಲ್ಲಿ ಕಂಡದ್ದು ಯಾವುದು, ಕೇಳಿದ್ದು ಯಾವುದು ಅಂತ ಬೇರೆ ಮಾಡಿಬಿಡುವ ಈ ಅನುಕೂಲ ನಮ್ಮ ಭಾಷೆಯಲ್ಲಿದೆ. ನಮ್ಮ ಅಜ್ಜಿಯರು ಎಂಥ ಗಾಳಿಸುದ್ದಿ ಹೇಳುವಾಗಲೂ ಇದನ್ನು ಮರೀತಿರಲಿಲ್ಲ.

ಹಳೇ ವಾಚುಗಳ ಬಗ್ಗೆ ಬರೆಯೋರು ಮಾತ್ರ ಇದನ್ನ ಪೂರ್ತಿ ಮರೆತಿದ್ದಾರೆ. ನಿಮಗೂ ಅನುಭವ ಆಗಿರುತ್ತೆ. ಫೋನಲ್ಲಿ ಒಮ್ಮೆ ಒಂದು ಹಳೇ ಗಡಿಯಾರದ ಫೋಟೊ ಒತ್ತಿ ನೋಡಿದರೆ ಸಾಕು, ಆಮೇಲೆ ತಿಂಗಳುಗಟ್ಟಲೆ ಅದೇ. ‘ಜಗತ್ತಿನ ಮೊದಲ ಕೈಗಡಿಯಾರದ ರೋಚಕ ಕತೆ’, ‘ಸಮುದ್ರ ಗೆದ್ದ ವಾಚು’, ‘ನೆಹರೂ ಕಟ್ಟಿದ ಎಚ್‌ಎಂಟಿ’. ಬಸ್ಸಲ್ಲಿ, ಮೆಟ್ರೋದಲ್ಲಿ ಓದಿಕೊಂಡು ಹೋಗೋಕೆ ಚೆನ್ನಾಗಿರುತ್ತೆ. ಆದರೆ ಹತ್ತು ಲೇಖನ ಓದಿದ ಮೇಲೆ ‘ಇದನ್ನ ಯಾರು ನೋಡಿದ್ರು?’ ಅಂತ ಕೇಳಿದರೆ ಒಂಬತ್ತರಲ್ಲಿ ಉತ್ತರ ಇರಲ್ಲ. ಉತ್ತರ ಇರುವ ಆ ಹತ್ತನೆಯದನ್ನು ಹೇಗೆ ಗುರುತಿಸೋದು ಅನ್ನೋದೇ ಈ ವಾರದ ಮಾತು. ಸುಮ್ಮನೆ ಜಾಣತನದ ಪ್ರಶ್ನೆ ಅಲ್ಲ ಇದು. ನಮ್ಮ ಆಫೀಸಿನ ಒಬ್ಬ ಹುಡುಗನ ಹದಿನೆಂಟು ಸಾವಿರ ರೂಪಾಯಿ ಇದರ ಮೇಲೆ ನಿಂತಿತ್ತು. ಆ ಕತೆಗೆ ಬರ್ತೀನಿ.

ಮೊದಲು ಆ ‘ಮೊದಲ ಕೈಗಡಿಯಾರ’. ಒಂದು ಲೇಖನದಲ್ಲಿ ಅದು 1904ರಲ್ಲಿ ಕಾರ್ಟಿಯೇ ತನ್ನ ಗೆಳೆಯ, ವಿಮಾನ ಹಾರಿಸುತ್ತಿದ್ದ ಬ್ರೆಜಿಲಿನ ಸಾಂಟೋಸ್ ದ್ಯುಮೊಂಗೆ ಮಾಡಿಕೊಟ್ಟದ್ದು. ಇನ್ನೊಂದರಲ್ಲಿ 1868ರಲ್ಲಿ ಪಟೆಕ್ ಫಿಲಿಪ್ ಹಂಗೇರಿಯ ಒಬ್ಬ ಕೌಂಟೆಸ್‌ಗೆ ಮಾಡಿದ್ದು. ಮೂರನೆಯದರಲ್ಲಿ ಬ್ರೆಗೆ ಎಂಬ ಪ್ಯಾರಿಸ್ಸಿನ ಗಡಿಯಾರ ತಯಾರಕ ನೇಪಲ್ಸ್‌ನ ರಾಣಿಗೆ ಮಾಡಿದ್ದು. ಮೂವರೂ ಎದೆ ತಟ್ಟಿಕೊಂಡೇ ಹೇಳ್ತಾರೆ. ಮೂವರೂ ಸರಿಯಾಗಿರೋಕೆ ಸಾಧ್ಯವಿಲ್ಲ.

ಇವುಗಳಲ್ಲಿ ನನಗೆ ಇಷ್ಟವಾದದ್ದು ಮೂರನೆಯದು. ಕತೆ ಚೆನ್ನಾಗಿದೆ ಅಂತಲ್ಲ, ಅದರ ಹಿಂದಿರುವ ಸಾಕ್ಷಿ ಚೆನ್ನಾಗಿದೆ ಅಂತ. ನೇಪಲ್ಸ್‌ನ ರಾಣಿ ಕ್ಯಾರೊಲಿನ್ ಮ್ಯುರಾ ನೆಪೋಲಿಯನ್ನನ ತಂಗಿ. 1810ರ ಜೂನ್ 8ರಂದು ಆಕೆ ಬ್ರೆಗೆ ಅಂಗಡಿಗೆ ಕೈಬಳೆಯಂತೆ ತೊಡುವ ಒಂದು ಗಡಿಯಾರಕ್ಕೆ ಆರ್ಡರ್ ಕೊಟ್ಟದ್ದು ಅಂಗಡಿಯ ಪುಸ್ತಕದಲ್ಲಿದೆ. ಅದಕ್ಕೆ 2639 ಅನ್ನೋ ಸಂಖ್ಯೆ ಬಿತ್ತು. 1812ರಲ್ಲಿ ಸಿದ್ಧವಾಯಿತು. ಇಲ್ಲಿಗೆ ಮುಗೀಲಿಲ್ಲ. ರಾಣಿ ಕಾಲವಾದ ಮೇಲೆ, 1849ರಲ್ಲಿ, ಆಕೆಯ ಮಗಳು ಅದೇ ಸಂಖ್ಯೆಯ ಗಡಿಯಾರವನ್ನು ರಿಪೇರಿಗೆ ತಂದದ್ದು ಇನ್ನೊಂದು ಪುಸ್ತಕದಲ್ಲಿ ದಾಖಲಾಗಿದೆ. 1855ರಲ್ಲಿ ಮತ್ತೊಮ್ಮೆ ಬಂದದ್ದೂ ಇದೆ. ರಿಪೇರಿ ಪುಸ್ತಕ ಬರೆದವನು ವಸ್ತುವನ್ನು ವರ್ಣಿಸಿಯೂ ಇಟ್ಟಿದ್ದಾನೆ: ತೀರ ತೆಳ್ಳಗಿದೆ, ಬೆಳ್ಳಿಯ ಡಯಲ್, ಉಷ್ಣಮಾಪಕವೂ ಇದೆ, ಚಿನ್ನದ ಎಳೆ ಹೆಣೆದ ಪಟ್ಟಿಗೆ ಕೂರಿಸಿದೆ.

ಆ ಗಡಿಯಾರ ಇವತ್ತು ಇಲ್ಲ. ಎಲ್ಲಿ ಹೋಯಿತೋ ಪತ್ತೆಯಿಲ್ಲ. ಆದರೂ ಅದು ಇತ್ತು ಅಂತ ನಂಬಬಹುದು. ಯಾಕಂದ್ರೆ ಆ ಪುಸ್ತಕ ಬರೆದ ಗುಮಾಸ್ತನಿಗೆ ಇತಿಹಾಸದ ಚಿಂತೆ ಇರಲಿಲ್ಲ. ಇನ್ನೂರು ವರ್ಷ ಆದಮೇಲೆ ಕಂಪನಿಗೆ ಇದರಿಂದ ಪ್ರಚಾರ ಸಿಗುತ್ತೆ ಅಂತ ಅವನು ಕನಸು ಕಂಡಿರಲಿಲ್ಲ. ರಾಣಿಯಿಂದ ಬರಬೇಕಾದ ದುಡ್ಡು ಬರಬೇಕು, ಅವಳ ಮಗಳ ವಾಚು ಬೇರೆಯವರ ವಾಚಿನ ಜೊತೆ ಅದಲುಬದಲಾಗಬಾರದು, ಅಷ್ಟೇ ಅವನ ಚಿಂತೆ. ಹೀಗೆ ಬೇರೆ ಯಾವುದೋ ಕೆಲಸಕ್ಕೆ ಅಂತ ಬರೆದಿಟ್ಟ ಕಾಗದ ಸಿಕ್ಕರೆ ಇತಿಹಾಸ ಬರೆಯೋರಿಗೆ ಹಬ್ಬ. ಹಾಲಿನವನ ಲೆಕ್ಕದ ಪುಸ್ತಕ ಸುಳ್ಳು ಹೇಳೋದು ಕಡಿಮೆ. ಮದುವೆ ಆಮಂತ್ರಣ ಪತ್ರಿಕೆಯಲ್ಲಿ ಹುಡುಗನ ಬಗ್ಗೆ ಬರೆದಿರೋದು ಬೇರೆ ಜಾತಿಯ ಸಾಹಿತ್ಯ.

ಇಷ್ಟಿದ್ದೂ ಒಳ್ಳೆಯ ಬರಹಗಾರ ‘ಇದೇ ಜಗತ್ತಿನ ಮೊದಲನೆಯದು’ ಅನ್ನಲ್ಲ. ‘ಕೈಗೆ ತೊಡಲೆಂದೇ ಮಾಡಿದ, ದಾಖಲೆ ಇರುವ ಬಹಳ ಹಳೆಯ ಗಡಿಯಾರಗಳಲ್ಲಿ ಒಂದು’ ಅಂತಾನೆ. ಓದೋಕೆ ಅಷ್ಟು ಮಜಾ ಬರಲ್ಲ, ಒಪ್ಪಿದೆ. ಆದರೆ ನಾನಂತೂ ‘ಮೊದಲ’ ಅನ್ನೋ ಪದ ಕಂಡ ಕೂಡಲೇ ಸ್ಕ್ರೋಲ್ ಮಾಡೋದು ನಿಲ್ಲಿಸಿ ಅನುಮಾನ ಪಡೋಕೆ ಶುರು ಮಾಡ್ತೀನಿ.

ಈಗ ಮದುವೆ ಆಮಂತ್ರಣದ ಜಾತಿಗೆ ಬರೋಣ, ಅಂದ್ರೆ ಜಾಹೀರಾತು. ರೋಲೆಕ್ಸ್ ಕಂಪನಿಯ ನೀರು ಹೋಗದ ‘ಆಯ್‌ಸ್ಟರ್’ ವಾಚಿನ ಕತೆ ನೀವು ಕೇಳಿರಬಹುದು. 1927ರಲ್ಲಿ ಮರ್ಸಿಡೀಸ್ ಗ್ಲೈಟ್ಸಾ ಎಂಬ ಲಂಡನ್ನಿನ ಟೈಪಿಸ್ಟ್ ಹುಡುಗಿ ಈ ವಾಚು ಕಟ್ಟಿಕೊಂಡು ಇಂಗ್ಲಿಷ್ ಕಾಲುವೆ ಈಜಿ ದಾಟಿದಳು, ದಡ ಸೇರಿದಾಗಲೂ ವಾಚು ಟಿಕ್ ಟಿಕ್ ಅನ್ನುತ್ತಿತ್ತು. ನೂರಾರು ಕಡೆ ಹೀಗೇ ಬರೆದಿದ್ದಾರೆ.

ಆ ಕಾಲದ ಪತ್ರಿಕೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಇಟ್ಟರೆ ಬೇರೆಯದೇ ಚಿತ್ರ ಬರುತ್ತೆ. ಗ್ಲೈಟ್ಸಾ ಕಾಲುವೆ ದಾಟಿದ್ದು ನಿಜ, 1927ರ ಅಕ್ಟೋಬರ್ 7ರಂದು. ಆ ಸಾಧನೆ ಮಾಡಿದ ಮೊದಲ ಬ್ರಿಟಿಷ್ ಮಹಿಳೆ ಆಕೆ. (ಇಲ್ಲಿ ‘ಮೊದಲ’ ಅನ್ನೋದಕ್ಕೆ ಪುರಾವೆ ಇದೆ, ಹಾಗಾಗಿ ಧೈರ್ಯವಾಗಿ ಬಳಸಿದ್ದೀನಿ.) ಆದರೆ ಆ ದಿನ ಅವಳ ಬಳಿ ರೋಲೆಕ್ಸ್ ಇರಲಿಲ್ಲ. ಕೆಲವೇ ದಿನಗಳಲ್ಲಿ ಡೊರೊಥಿ ಲೋಗನ್ ಎಂಬ ವೈದ್ಯೆ ತಾನೂ ದಾಟಿದೆ, ಅದೂ ಇನ್ನೂ ಬೇಗ ದಾಟಿದೆ ಅಂತ ಹೇಳಿಕೊಂಡಳು. ಆಮೇಲೆ ಅದು ಸುಳ್ಳು ಅಂತ ತಾನೇ ಒಪ್ಪಿಕೊಂಡಳು. ಈ ಗಲಾಟೆಯಲ್ಲಿ ಪಾಪ, ಗ್ಲೈಟ್ಸಾಳ ಮೇಲೂ ಜನಕ್ಕೆ ಅನುಮಾನ ಬಂತು. ಅವಳಿಗೆ ರೋಷ ಬಂತು. ‘ನೋಡಿ ಬೇಕಾದ್ರೆ’ ಅಂತ ಅಕ್ಟೋಬರ್ 21ರಂದು ಮತ್ತೆ ನೀರಿಗಿಳಿದಳು. ರೋಲೆಕ್ಸ್ ವಾಚು ಬಂದದ್ದು ಈ ಎರಡನೇ ಈಜಿಗೆ. ಅದೂ ಕೈಯಲ್ಲಲ್ಲ, ಕೊರಳಲ್ಲಿ. ನೀರು ವಿಪರೀತ ತಣ್ಣಗಿತ್ತು. ಹತ್ತು ಗಂಟೆಗೂ ಹೆಚ್ಚು ಹೊತ್ತು ಈಜಿದ ಮೇಲೆ, ಇನ್ನೂ ಕೆಲವು ಮೈಲಿ ಬಾಕಿ ಇರುವಾಗ, ಅವಳನ್ನು ದೋಣಿಗೆ ಎಳೆದುಕೊಳ್ಳಬೇಕಾಯಿತು. ಅಂದರೆ ವಾಚು ಇದ್ದ ಈಜು ದಡ ಸೇರಲಿಲ್ಲ. ದಡ ಸೇರಿದ ಈಜಿನಲ್ಲಿ ವಾಚು ಇರಲಿಲ್ಲ.

ನವೆಂಬರ್ 24ರಂದು ಡೇಲಿ ಮೇಲ್ ಪತ್ರಿಕೆಯ ಮುಖಪುಟದಲ್ಲಿ ರೋಲೆಕ್ಸ್ ದೊಡ್ಡ ಜಾಹೀರಾತು ಕೊಟ್ಟಿತು. ಅಲ್ಲಿಂದ ಎರಡು ಈಜುಗಳು ಜನರ ನೆನಪಿನಲ್ಲಿ ನಿಧಾನಕ್ಕೆ ಬೆರೆತು ಒಂದಾದವು.

ನನಗನ್ನಿಸೋದು, ನಿಜವಾದ ಕತೆಯೇ ಇನ್ನೂ ಚೆನ್ನಾಗಿದೆ. ತಾನು ಸುಳ್ಳು ಹೇಳಿಲ್ಲ ಅಂತ ತೋರಿಸಲು ಮಂಜಿನಂಥ ನೀರಿಗೆ ಮತ್ತೆ ಹಾರಿದ ಒಬ್ಬಳು ಟೈಪಿಸ್ಟ್. ವಾಚಿನ ಬಗ್ಗೆ ಹೇಳೋದಾದರೂ ಹತ್ತು ಗಂಟೆ ಉಪ್ಪುನೀರಲ್ಲಿ ನೆನೆದೂ ನಡೆಯುತ್ತಿತ್ತು ಅನ್ನೋದು ಏನು ಕಡಿಮೆಯೇ? ಆದರೂ ಬರೆಯುವವರು ‘ದಾಟಿದಳು’ ಅಂತ ಸೇರಿಸದೆ ಇರಲ್ಲ. ಜಾಹೀರಾತನ್ನು ಸಾಕ್ಷಿಯಾಗಿ ಬಳಸಬಾರದು ಅಂತ ನಾನು ಹೇಳ್ತಿಲ್ಲ. ಅದು ಒಂದು ವಿಷಯಕ್ಕೆ ಅತ್ಯುತ್ತಮ ಸಾಕ್ಷಿ: ಆ ದಿನ ಆ ಕಂಪನಿ ಜನಕ್ಕೆ ಏನು ಹೇಳಬಯಸಿತ್ತು ಅನ್ನೋದಕ್ಕೆ. ಅಕ್ಟೋಬರ್‌ನಲ್ಲಿ ನೀರಲ್ಲಿ ಏನಾಯಿತು ಅನ್ನೋದಕ್ಕೆ ಅಕ್ಟೋಬರ್‌ನ ಪತ್ರಿಕೆಯನ್ನೇ ಓದಬೇಕು.

ಎವರೆಸ್ಟ್ ಕತೆಯೂ ಹೀಗೇ. 1953ರ ಆ ತಂಡಕ್ಕೆ ರೋಲೆಕ್ಸೂ ವಾಚು ಕೊಟ್ಟಿತ್ತು, ಸ್ಮಿತ್ಸ್ ಎಂಬ ಇಂಗ್ಲೆಂಡಿನ ಕಂಪನಿಯೂ ಕೊಟ್ಟಿತ್ತು. ಹಿಲರಿ ಶಿಖರದವರೆಗೆ ಒಯ್ದ ಸ್ಮಿತ್ಸ್ ವಾಚು ಈಗ ಲಂಡನ್ನಿನ ಗಡಿಯಾರ ತಯಾರಕರ ಸಂಘದ ಮ್ಯೂಸಿಯಂನಲ್ಲಿದೆ. ‘ತಂಡದ ಜೊತೆ ಹೋಗಿತ್ತು’ ಅನ್ನೋದಕ್ಕೂ ‘ಶಿಖರದಲ್ಲಿ ಕೈಮೇಲಿತ್ತು’ ಅನ್ನೋದಕ್ಕೂ ಎಷ್ಟು ಸಾವಿರ ಅಡಿ ಅಂತರ ಅಂತ ಪರ್ವತ ಹತ್ತಿದವರಿಗೆ ಗೊತ್ತು. ಲೇಖನ ಬರೆಯೋರಿಗೆ ಅದು ಒಂದೇ ವಾಕ್ಯ.

ಹಾಗೇ ಡಯಲ್ ಮೇಲೋ ಡಬ್ಬಿಯ ಮೇಲೋ ಅಚ್ಚಾದ ವರ್ಷವನ್ನೂ ಸ್ವಲ್ಪ ಹುಷಾರಾಗಿ ನೋಡಿ. ನಮ್ಮ ತಾತಂದಿರ ಕಾಲದ ಫೇವರ್ ಲೂಬಾ 1737ರದ್ದು ಅನ್ನುತ್ತೆ. ಆ ವರ್ಷದ ಒಂದು ದಾಖಲೆಯಲ್ಲಿ ಅಬ್ರಹಾಂ ಫಾವ್ರ್ ಎಂಬ ಸ್ವಿಸ್ ಗಡಿಯಾರ ತಯಾರಕನ ಹೆಸರು ಬರುತ್ತೆ, ಅಷ್ಟು ಸತ್ಯ. 1865ರಲ್ಲಿ ಕಂಪನಿ ಮುಂಬೈಗೆ ಬಂತು. 2011ರಲ್ಲಿ ನಮ್ಮ ಟೈಟನ್ ಆ ಹೆಸರನ್ನು ಕೊಂಡಿತು, 2023ರಲ್ಲಿ ಅದು ಇಥೋಸ್ ಕಂಪನಿಯ ಕೈಗೆ ಹೋಯಿತು. ಹೆಸರು ಒಂದೇ, ಯಜಮಾನರು ಬೇರೆ ಬೇರೆ. ‘ಮುನ್ನೂರು ವರ್ಷದ ಅಖಂಡ ಪರಂಪರೆ’ ಅಂತ ಬರೆದವರು ಈ ಕೊಡುಕೊಳ್ಳುವಿಕೆಯನ್ನ ಬಿಟ್ಟಿದ್ದರೆ ಉಳಿದದ್ದರಲ್ಲಿ ಏನೇನು ಬಿಟ್ಟಿದ್ದಾರೋ ಅಂತ ನನಗೆ ಅನುಮಾನ ಬರುತ್ತೆ.

ಹಾಗಾದರೆ ಕಂಪನಿಯ ಹಳೇ ಪುಸ್ತಕ, ಮ್ಯೂಸಿಯಂ ಚೀಟಿ ಇದ್ದರೆ ಕಣ್ಣುಮುಚ್ಚಿ ನಂಬಬಹುದಾ? ಅದೂ ಇಲ್ಲ. 2021ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಫಿಲಿಪ್ಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ 1957ರ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಮಾರಾಟವಾಯಿತು. ಕೊಂಡದ್ದು ಒಮೆಗಾನೇ, ತನ್ನ ಮ್ಯೂಸಿಯಂಗೆ. 2023ರಲ್ಲಿ ಅದೇ ಒಮೆಗಾ ಹೇಳಿತು: ಈ ವಾಚು ಬೇರೆ ಬೇರೆ ವಾಚುಗಳ ಬಿಡಿಭಾಗ ಸೇರಿಸಿ ಕಟ್ಟಿದ್ದು, ನಮ್ಮಲ್ಲೇ ಕೆಲಸ ಮಾಡುತ್ತಿದ್ದ ಮೂವರು ಇದರಲ್ಲಿ ಭಾಗಿ, ಅವರಲ್ಲೊಬ್ಬರು ನಮ್ಮ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಈ ಘಟನೆ ಆದಮೇಲೆ ನಾನು ಒಳ್ಳೆಯ ಲೇಖನದಲ್ಲಿ ಒಂದು ಗುಣ ಹುಡುಕೋಕೆ ಶುರು ಮಾಡಿದೆ. ಬರೆದವರು ವಸ್ತುವನ್ನೂ ಕಾಗದವನ್ನೂ ಎದುರುಬದುರು ಕೂರಿಸಿದ್ದಾರಾ? ಕಾಗದ ಹೇಳಿದ್ದನ್ನ ವಸ್ತು ಒಪ್ಪಬೇಕು. ಡಯಲ್ ಒಂದು ಕಾಲದ್ದು, ಒಳಗಿನ ಮಷೀನು ಇನ್ನೊಂದು ಕಾಲದ್ದು ಆಗಿರಬಾರದು. ಸಣ್ಣ ಉದಾಹರಣೆ. ಕತ್ತಲಲ್ಲಿ ಹೊಳೆಯಲಿ ಅಂತ ಮುಳ್ಳುಗಳಿಗೆ ಮೊದಲು ರೇಡಿಯಂ ಹಚ್ಚುತ್ತಿದ್ದರು. ಅದು ಅಪಾಯ ಅಂತ ಗೊತ್ತಾದ ಮೇಲೆ 1960ರ ದಶಕದಿಂದ ಟ್ರಿಟಿಯಂ ಬಂತು, ಅದರ ಗುರುತಾಗಿ ಡಯಲಿನ ಕೆಳಗೆ ಚಿಕ್ಕದೊಂದು ‘ಟಿ’ ಅಕ್ಷರ. ‘ಎರಡನೇ ಮಹಾಯುದ್ಧದಲ್ಲಿ ಸೈನಿಕ ಧರಿಸಿದ್ದ ವಾಚು’ ಅಂತ ಫೋಟೊ ಹಾಕಿ, ಅದರ ಡಯಲಲ್ಲಿ ಈ ‘ಟಿ’ ಕಂಡರೆ ಒಂದೋ ಡಯಲ್ ಬದಲಾಗಿದೆ, ಇಲ್ಲಾ ಕತೆ. ಲೇಖಕರೇ ಇದನ್ನ ಎತ್ತಿ ಹೇಳಿದ್ದರೆ ಅವರ ಬೇರೆ ಮಾತುಗಳನ್ನೂ ನಂಬಬೇಕು ಅನ್ನಿಸುತ್ತೆ. ತನ್ನ ಕತೆಗೆ ತಾನೇ ಅಡ್ಡ ಪ್ರಶ್ನೆ ಹಾಕಿಕೊಳ್ಳೋರು ಅಪರೂಪ.

ಇನ್ನು ನಮ್ಮೂರಿನ ವಾಚು, ಎಚ್‌ಎಂಟಿ.

ಸ್ವಿಸ್ ಕಂಪನಿಗಳಿಗಾದರೆ ಪುಸ್ತಕ, ಮ್ಯೂಸಿಯಂ ಎಲ್ಲ ಇದೆ, ನಮ್ಮದಕ್ಕೆ ದಾಖಲೆಯೇ ಇಲ್ಲ, ಹಾಗಾಗಿ ಕೇಳಿದ್ದನ್ನೇ ಬರೆಯಬೇಕು ಅಂತ ಕೆಲವರು ಕೈಚೆಲ್ಲುತ್ತಾರೆ. ಈ ಮಾತು ನನಗೆ ಸಿಟ್ಟು ತರಿಸುತ್ತೆ. ಎಚ್‌ಎಂಟಿ ಸರ್ಕಾರಿ ಕಂಪನಿ ಸ್ವಾಮಿ! ಸರ್ಕಾರಿ ಕಂಪನಿಯ ವಾರ್ಷಿಕ ವರದಿ ಸಂಸತ್ತಿನ ಮುಂದೆ ಹೋಗಬೇಕು. ಸಿಎಜಿ ಲೆಕ್ಕ ನೋಡುತ್ತೆ. ಸಂಸದರು ಪ್ರಶ್ನೆ ಕೇಳ್ತಾರೆ, ಮಂತ್ರಿಗಳು ಉತ್ತರ ಕೊಡ್ತಾರೆ, ಅದೆಲ್ಲ ಅಚ್ಚಾಗುತ್ತೆ. ಲೋಕಸಭೆಯ ಹಳೇ ಕಲಾಪ ಈಗ ಕುಳಿತಲ್ಲೇ ಫೋನಲ್ಲಿ ಸಿಗುತ್ತೆ. ಒಂದು ಖಾಸಗಿ ಸ್ವಿಸ್ ಕಂಪನಿ ತನಗೆ ಬೇಕಾದ ಹಾಳೆ ಮಾತ್ರ ತೋರಿಸಬಹುದು. ನಮ್ಮ ಎಚ್‌ಎಂಟಿಗೆ ಆ ಸೌಲಭ್ಯ ಇರಲಿಲ್ಲ. ಆ ವರದಿ ಓದೋಕೆ ಬೇಜಾರು, ಅಂಕಿಗಳೇ ತುಂಬಿರುತ್ತೆ, ಅದು ಬೇರೆ ಮಾತು.

ಗೊತ್ತಿರುವ ವಿಷಯ ಇಷ್ಟು. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಬೆಂಗಳೂರಲ್ಲಿ ಶುರುವಾದದ್ದು 1953ರಲ್ಲಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರಕ್ಕೆ ಕೈಹಾಕಿತು. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದ್ದು ಪ್ರಧಾನಿ ನೆಹರೂ ಅಂತ ಕಂಪನಿಯೇ ಹೇಳಿಕೊಂಡು ಬಂದಿದೆ. ತುಮಕೂರು ಕಾರ್ಖಾನೆ 1978ರಲ್ಲಿ ಬಂತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮುಚ್ಚಲು ಒಪ್ಪಿದ್ದು ಎಚ್‌ಎಂಟಿ ವಾಚಸ್ ಎಂಬ ಅಂಗಸಂಸ್ಥೆಯನ್ನು, ಮೂಲ ಎಚ್‌ಎಂಟಿಯನ್ನಲ್ಲ. ‘ಎಚ್‌ಎಂಟಿ ಮುಚ್ಚಿಹೋಯಿತು’ ಅಂತ ಬರೆದವರೆಲ್ಲ ಇಲ್ಲೇ ಎಡವಿದ್ದಾರೆ. ಜಾಲಹಳ್ಳಿಯಲ್ಲಿ 2019ರಿಂದ ಅವರದೇ ಹೆರಿಟೇಜ್ ಸೆಂಟರ್ ಮತ್ತು ಮ್ಯೂಸಿಯಂ ಇದೆ, ಒಂದು ಭಾನುವಾರ ಹೋಗಿ ಬನ್ನಿ.

ಲೇಖನಗಳು ಇದನ್ನ ಹೇಗೆ ಬೆಳೆಸ್ತಾವೆ ನೋಡಿ. ಸಹಯೋಗದ ಒಪ್ಪಂದ ಒಂದು ಘಟನೆ, ಕಾರ್ಖಾನೆ ಕೆಲಸ ಶುರುವಾದದ್ದು ಇನ್ನೊಂದು, ಮೊದಲ ವಾಚು ಅಂಗಡಿಗೆ ಬಂದದ್ದು ಮತ್ತೊಂದು. ಮೂರನ್ನೂ ಒಂದೇ ವರ್ಷಕ್ಕೆ ಅಂಟಿಸಿ, ಮೇಲೆ ನೆಹರೂ ಫೋಟೊ. ಇನ್ನು ಕೆಲವರಿಗೆ ದೇಶಾಭಿಮಾನ ಉಕ್ಕಿ ಬಂದು ಸಿಟಿಜನ್ ಹೆಸರೇ ಮಾಯ. ಎಚ್‌ಎಂಟಿಯ ಶುರುವಿನ ವಾಚುಗಳ ಡಯಲಲ್ಲಿ ಎಚ್‌ಎಂಟಿ ಜೊತೆಗೆ ಸಿಟಿಜನ್ ಅಂತ ಅಚ್ಚಾಗಿರೋದು ಕಣ್ಣಿಗೆ ಕಾಣುವ ವಸ್ತು. ಜಪಾನಿನಿಂದ ಕಲಿತು, ಬರಬರುತ್ತಾ ಭಾಗಗಳನ್ನು ಇಲ್ಲೇ ಮಾಡೋಕೆ ಕಲಿತರು. ಕಲಿತದ್ದನ್ನ ಮುಚ್ಚಿಟ್ಟರೆ ಕಲಿತವರ ಶ್ರಮವೂ ಮುಚ್ಚಿಹೋಗುತ್ತೆ.

ಈಗ ಆ ಹದಿನೆಂಟು ಸಾವಿರದ ಕತೆ. ನಮ್ಮ ಟೀಮಿನ ಹುಡುಗನ ತಾತ ವಾಯುಪಡೆಯಲ್ಲಿದ್ದವರು, ಜಾಲಹಳ್ಳಿಯಲ್ಲೇ ಕೆಲಸ ಮಾಡಿದವರು. ಅವರ ವಾಚು ಮನೆ ಬದಲಿಸುವಾಗ ಎಲ್ಲೋ ಕಳೆದುಹೋಗಿದೆ. ಅಪ್ಪನಿಗೆ ಅರವತ್ತು ತುಂಬುತ್ತೆ, ಶಾಂತಿ ಇಟ್ಟುಕೊಂಡಿದ್ದಾರೆ, ಆ ದಿನ ತಾತನ ವಾಚಿನಂಥದ್ದೇ ಒಂದು ತಂದು ಅಪ್ಪನ ಕೈಗೆ ಕಟ್ಟಬೇಕು ಅಂತ ಇವನ ಆಸೆ. ಹುಡುಕಿದ. ಒಂದು ಲೇಖನ ಸಿಕ್ಕಿತು: ಎಚ್‌ಎಂಟಿ ಪೈಲಟ್, ವಾಯುಪಡೆಯ ಅಧಿಕಾರಿಗಳಿಗೆಂದೇ ತಯಾರಾದದ್ದು, ಸಾಮಾನ್ಯರಿಗೆ ಸಿಗುತ್ತಲೇ ಇರಲಿಲ್ಲ. ಆಮೇಲೆ ಆನ್‌ಲೈನಲ್ಲಿ ವಾಚೂ ಸಿಕ್ಕಿತು. ‘1960ರ ದಶಕದ ಅಪರೂಪದ ವಾಯುಪಡೆ ಪೈಲಟ್, ಒರಿಜಿನಲ್.’ ದುಡ್ಡು ಕಳಿಸೋ ಮುಂಚೆ ನನಗೆ ತೋರಿಸಿದ. ‘ಅಕ್ಕಾ, ನೀವು ಈ ವಾಚು ಗೀಚು ಎಲ್ಲ ಓದ್ತೀರಲ್ಲ, ಒಂದ್ಸಲ ನೋಡಿ.’

ಲೇಖನ ಓದಿದೆ. ಪೈಲಟ್ ಅನ್ನೋ ಹೆಸರಿದೆ, ಕಪ್ಪು ಡಯಲ್ ಇದೆ. ವಾಯುಪಡೆ ಅನ್ನೋದಕ್ಕೆ ಇರೋ ಆಧಾರ ಅಷ್ಟೇ. ಸರಬರಾಜಿನ ಆದೇಶ ಇಲ್ಲ, ಟೆಂಡರ್ ಇಲ್ಲ, ಹಿಂಬದಿಯ ಮುಚ್ಚಳದ ಮೇಲೆ ಸೇನೆಯ ಗುರುತು ಇಲ್ಲ, ‘ನನಗೆ ಕೊಟ್ಟಿದ್ದರು’ ಅನ್ನುವ ಒಬ್ಬ ಅಧಿಕಾರಿಯ ಮಾತೂ ಇಲ್ಲ. ಮೈಸೂರು ಪಾಕ್ ಅಂತ ಹೆಸರಿದ್ದ ಮಾತ್ರಕ್ಕೆ ಪೆಟ್ಟಿಗೆಯಲ್ಲಿರೋದು ಅರಮನೆಯಿಂದ ಬಂದದ್ದಾಗಲ್ಲ.

‘ಮಾರೋನಿಗೆ ಮೆಸೇಜ್ ಮಾಡಿ ಮೂರು ವಿಷಯ ಕೇಳು’ ಅಂದೆ. ಹಿಂದಿನ ಮುಚ್ಚಳ ತೆಗೆದು ಒಳಗಿನ ಮಷೀನಿನ ಫೋಟೊ. ಡಯಲಿನ ಅಕ್ಷರಗಳ ಹತ್ತಿರದ ಫೋಟೊ. ವಾಯುಪಡೆದು ಅನ್ನೋದಕ್ಕೆ ಆಧಾರ. ಮೊದಲ ಎರಡಕ್ಕೆ ಉತ್ತರವೇ ಬರಲಿಲ್ಲ. ಮೂರನೆಯದಕ್ಕೆ ಒಂದು ಲಿಂಕ್ ಬಂತು. ಯಾವುದು ಗೊತ್ತಾ? ಅದೇ ಲೇಖನ. ಲೇಖನಕ್ಕೆ ಮತ್ತೆ ಹೋಗಿ ಫೋಟೊಗಳ ಕೆಳಗೆ ಸಣ್ಣಕ್ಷರದಲ್ಲಿ ಕೃಪೆ ಯಾರದು ಅಂತ ನೋಡಿದರೆ ಇದೇ ಮಾರಾಟಗಾರನ ಹೆಸರು. ಓತಿಕ್ಯಾತನಿಗೆ ಬೇಲಿ ಗೂಟ ಸಾಕ್ಷಿ ಅಂತಾರಲ್ಲ, ಹಾಗೆ.

ಹಳೇ ಎಚ್‌ಎಂಟಿ ಸಂಗ್ರಹಿಸೋರ ನಡುವೆ ‘ಮುಂಬೈ ಸ್ಪೆಷಲ್’ ಅನ್ನೋ ಮಾತೇ ಇದೆ. ಹಳೇ ಮಷೀನಿಗೆ ಹೊಸದಾಗಿ ಅಚ್ಚು ಹಾಕಿದ ಡಯಲ್ ಕೂರಿಸಿ, ಪಾಲಿಶ್ ಮಾಡಿ ಮಾರೋದು. ಎಚ್‌ಎಂಟಿ ಕನಸಲ್ಲೂ ಕಾಣದ ಬಣ್ಣಗಳಲ್ಲಿ ಸಿಗುತ್ತೆ. ಇಷ್ಟವಾಗಿ, ಗೊತ್ತಿದ್ದೇ ಕೊಂಡರೆ ತಪ್ಪೇನಿಲ್ಲ, ಸಮಯ ಸರಿಯಾಗೇ ತೋರಿಸುತ್ತೆ. ಆದರೆ ಅದಕ್ಕೆ ತಾತನ ಬೆಲೆ ಕಟ್ಟಬಾರದು ಅಷ್ಟೇ. ಹಾಗಾಗಿ ವಾಚಿನ ಲೇಖನ ಓದುವಾಗ, ಇದನ್ನ ನಂಬಿದರೆ ಯಾರ ಸರಕಿನ ಬೆಲೆ ಏರುತ್ತೆ ಅಂತ ಒಮ್ಮೆ ನೋಡಿಕೊಳ್ಳಿ. ಬೆಲೆ ಏರುವವನೇ ಬರೆದಿದ್ದರೂ ಪರವಾಗಿಲ್ಲ, ‘ನಾನು ಇವನ್ನು ಮಾರುತ್ತೇನೆ’ ಅಂತ ಮೇಲೆಯೇ ಹೇಳಿಬಿಡಬೇಕು.

ಆ ಹುಡುಗನನ್ನ ನಮ್ಮ ಬೀದಿಯ ಆಂಟಿಯ ಹತ್ತಿರ ಕರಕೊಂಡು ಹೋದೆ. 1974ರಲ್ಲಿ ಎಚ್‌ಎಂಟಿ ಸೇರಿ, ವರ್ಷಾನುಗಟ್ಟಲೆ ಅಸೆಂಬ್ಲಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾಫಿ ಕೊಟ್ಟು ಮಾತಿಗೆ ಕೂತರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಎತ್ತಿ ಇಡೋದು ಹೇಗೆ ಅಂತ ಕೈಯಲ್ಲಿ ಮಾಡಿಯೇ ತೋರಿಸಿದರು. ಬೆರಳುಗಳಿಗೆ ಇನ್ನೂ ನೆನಪಿದೆ. ‘ಉಸಿರು ಜೋರಾಗಿ ಬಿಟ್ರೆ ಹಾರೋಗೋದು ಕಣಪ್ಪ. ಹುಡುಕೋ ಹೊತ್ತಿಗೆ ಲೈನಲ್ಲಿ ಹಿಂದಿನೋರದ್ದು ಬಂದು ಗುಡ್ಡೆ ಬಿದ್ದಿರ್ತಿತ್ತು.’ ಇದನ್ನ ಯಾವ ವಾರ್ಷಿಕ ವರದಿಯೂ ಹೇಳಲ್ಲ.

ವರ್ಷ ಕೇಳಿದರೆ ಆಂಟಿಗೆ ಥಟ್ಟನೆ ಬರಲ್ಲ. ‘ತುಮಕೂರು ಫ್ಯಾಕ್ಟರಿ ಶುರುವಾದಾಗ ನನ್ನ ಎರಡನೇ ಮಗಳು ಹೊಟ್ಟೇಲಿದ್ಲು’ ಅಂದರು. ಮಗಳ ಜನ್ಮದಿನಾಂಕಕ್ಕೆ ತಾಳೆ ಹಾಕಿದರೆ 1978. ಸರಿಯಾಗಿ ಕೂತಿತು. ನೆನಪನ್ನ ಹೀಗೆ ಯಾವುದಾದರೂ ಗೂಟಕ್ಕೆ ಕಟ್ಟಿ ನೋಡಿದ ಬರಹಗಾರರನ್ನು ನಾನು ನಂಬ್ತೀನಿ.

ನೆಹರೂ ಬಗ್ಗೆ ಹುಡುಗ ಕೇಳಿದ. ಆಂಟಿ ನಕ್ಕರು.

‘ನಾನೆಲ್ಲಿ ನೋಡಿದ್ದೀನಪ್ಪ? ನಾನು ಸೇರೋಕೆ ಹತ್ತು ವರ್ಷ ಮುಂಚೆನೇ ಅವ್ರು ಹೋಗ್ಬಿಟ್ಟಿದ್ರು. ಬಂದಿದ್ರಂತೆ. ನಮ್ಮ ಸೀನಿಯರ್‌ಗಳು ಹೇಳ್ತಿದ್ರು.’

ಬಂದಿದ್ರಂತೆ! ಈ ಮಾತನ್ನೇ ಕೇಳಿಕೊಂಡು ಹೋದವರು ‘ನೆಹರೂ ಬಂದ ದಿನವನ್ನು ನೆನಪಿಸಿಕೊಂಡ ಹಿರಿಯ ನೌಕರರು’ ಅಂತ ಬರೆಯೋದನ್ನ ನಾನು ಓದಿದ್ದೀನಿ. ಆಂಟಿ ತನಗೆ ಗೊತ್ತಿರೋದರ ಗಡಿಯನ್ನ ತಾನೇ ಗೆರೆ ಎಳೆದು ತೋರಿಸಿದ್ದರು. ಪೈಲಟ್ ವಾಯುಪಡೆಗೆ ಹೋಗ್ತಿತ್ತಾ ಅಂದರೆ, ‘ಅದು ಸೇಲ್ಸ್‌ನೋರಿಗೆ ಗೊತ್ತು. ನಮ್ಮ ಟೇಬಲ್ ಮುಂದೆ ಬಂದಾಗ ಎಲ್ಲ ವಾಚೂ ಒಂದೇ’ ಅಂದರು. ಊಹೆ ಮಾಡಿ ಹೇಳಿ ಅಂತ ಒತ್ತಾಯಿಸಿದರೆ ಖುಷಿಗೆ ಏನಾದರೂ ಹೇಳಿಬಿಡುತ್ತಿದ್ದರೋ ಏನೋ. ಒತ್ತಾಯ ಮಾಡಲಿಲ್ಲ.

ಆದರೆ ಇವರ ಜೊತೆ ಕೂತು ಕೇಳೋಕೆ ಇನ್ನು ಎಷ್ಟು ವರ್ಷ ಇದೆ? 1961ರಲ್ಲಿ ಇಪ್ಪತ್ತು ವರ್ಷದ ಹುಡುಗರಾಗಿ ಸೇರಿದವರಿಗೆ ಈಗ ಎಂಬತ್ತು ದಾಟಿದೆ. ನೆಹರೂ ವಿಷಯದಲ್ಲಿ ‘ಅಂತೆ’ ಇಲ್ಲದೆ ಮಾತಾಡಬಲ್ಲವರು ಅವರು ಮಾತ್ರ. ವಾಚಿನ ಮೇಲೆ ಪ್ರೀತಿ ಇರುವ ಬರಹಗಾರರು ಡಯಲ್ ಫೋಟೊ ತೆಗೆಯೋದು ಬಿಟ್ಟು ಜಾಲಹಳ್ಳಿ, ಮತ್ತಿಕೆರೆ, ತುಮಕೂರಿನ ಮನೆಗಳ ಬಾಗಿಲು ತಟ್ಟಬಾರದೇ ಅಂತ ನನ್ನ ಆಸೆ. ಅವರು ಹೇಳಿದ್ದನ್ನ ಅವರು ಹೇಳಿದ ಹಾಗೇ, ಯಾವ ವರ್ಷ ಸೇರಿದರು, ಯಾವ ವಿಭಾಗ ಅನ್ನೋದನ್ನ ಸೇರಿಸಿ ಬರೆದರೆ, ಮುಂದೆ ಯಾರಾದರೂ ಸಂಸತ್ತಿನ ಕಡತದ ಜೊತೆ ಇಟ್ಟು ನೋಡಬಹುದು.

ಹುಡುಗ ಆ ವಾಚು ತಗೊಳ್ಳಲಿಲ್ಲ. ಅವೆನ್ಯೂ ರಸ್ತೆಯ ಹತ್ತಿರದ ಹಳೇ ರಿಪೇರಿ ಅಂಗಡಿಯಲ್ಲಿ, ಕಣ್ಣೆದುರೇ ಮುಚ್ಚಳ ತೆಗೆಸಿ ನೋಡಿ, ಒಂದು ಸಾಧಾರಣ ಜನತಾ ಕೊಂಡ. ಅಂಗಡಿಯವರು ‘ಡಯಲ್ ಹಳೇದೇ, ಗಾಜು ಮತ್ತೆ ಬೆಲ್ಟು ನಾನು ಹಾಕಿದ್ದು’ ಅಂತ ಬಿಲ್ಲಿನ ಮೇಲೇ ಬರೆದು ಕೊಟ್ಟರಂತೆ. (ನಾನು ಜೊತೆಗಿರಲಿಲ್ಲ. ಬಿಲ್ಲು ಮಾತ್ರ ನೋಡಿದೆ.)

ನಿಮ್ಮ ಮನೆಯ ಬೀರುವಿನಲ್ಲಿ ಹಳೇ ಎಚ್‌ಎಂಟಿ ಇದ್ದರೆ ಅದರ ಡಬ್ಬಿಯ ತಳ ಒಮ್ಮೆ ನೋಡಿ. ಗ್ಯಾರಂಟಿ ಕಾರ್ಡೋ, ಅಂಗಡಿಯ ಸೀಲು ಬಿದ್ದ ಬಿಲ್ಲೋ ಮಡಚಿಟ್ಟಿರಬಹುದು. ಎರಡೂ ಬದಿಯ ಫೋಟೊ ತೆಗೆದು, ಯಾರ ವಾಚು, ಯಾವ ಊರಲ್ಲಿ ಕೊಂಡದ್ದು ಅಂತ ಬರೆದು ನನಗೆ ಕಳಿಸಿ. ಮನೆಯ ಹಿರಿಯರು ಹೇಳಿದ್ದಾದರೆ ಕೊನೆಯಲ್ಲಿ ಒಂದು ‘ಅಂತೆ’ ಸೇರಿಸೋದು ಮರೀಬೇಡಿ.